ಅಮ್ಮನ ತೊರೆಗೆ ಮೀನು ಬಂದಿದೆ

ನುನಾಲಿಕ್
ಇಲಿಯಾಮ್ನಾ ಸರೋವರ, ಅಲಾಸ್ಕಾ
ಸೆಪ್ಟೆಂಬರ್ ೨೧, ಭಾನುವಾರ

ಪ್ರೀತಿಯ ತಂಗಿ ಒಕಲೀನಾಗೆ,

ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಕೂತು ಓದು. ಮೇ ತಿಂಗಳಿಂದ ನಾನು ನಿನಗೆ ಒಂದಕ್ಷರ ಬರೆದಿಲ್ಲ. ನೀನೂ ಬರೆದಿಲ್ಲ. ನಾವಿಬ್ಬರೂ ಒಬ್ಬಳೇ ತಾಯಿಯ ಮಕ್ಕಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಫೋನು ಮಾಡಬಹುದಿತ್ತು, ನಿಜ. ಆದರೆ ಊರಿಗಿರುವ ಒಂದೇ ಫೋನು ಊರಸಭೆಯ ಕೋಣೆಯಲ್ಲಿದೆ. ಅಲ್ಲಿ ಪಿಸುಗುಟ್ಟಿದ ಮಾತು ನಾನು ಮನೆ ಸೇರುವ ಮೊದಲೇ ಮನೆ ಸೇರಿರುತ್ತದೆ. ಈಗ ಬರೆಯುತ್ತಿರುವುದನ್ನು ಊರೆಲ್ಲ ಕೇಳುವುದು ನನಗೆ ಬೇಡ. ಅಧ್ಯಕ್ಷೆಯ ಕುರ್ಚಿಯಲ್ಲಿ ಇನ್ನೂ ಒಂದು ವರ್ಷ ಕೂರಬೇಕಲ್ಲ.

ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ: ಮೀನು ಸಿಕ್ಕಿತು, ಒಕಲೀನಾ. ಹೊಗೆಮನೆಯ ಗಳುಗಳು ತುಂಬಿವೆ. ನಮ್ಮದಷ್ಟೇ ಅಲ್ಲ, ಊರಿನ ಹನ್ನೊಂದು ಮನೆಗಳದ್ದೂ. ಈ ಚಳಿಗಾಲ ಯಾರೂ ಅಂಗಡಿಯ ಡಬ್ಬಿ ಮಾಂಸ ತಿಂದು ಬದುಕಬೇಕಾಗಿಲ್ಲ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿದೆ. ನಿನ್ನೆ ಹಬೆಮನೆಯಲ್ಲಿ ಬೆವರು ಹರಿಸಿ ಬಂದು ಮಲಗಿದವಳು ಇವತ್ತು ಪ್ರಾರ್ಥನೆಯ ಗಂಟೆ ಹೊಡೆದರೂ ಏಳಲಿಲ್ಲ. ನಿನ್ನ ಭಾವ ಮೂಗಿನ ಹತ್ತಿರ ಕೈ ಇಟ್ಟು ಉಸಿರಿದೆಯೋ ಇಲ್ಲವೋ ನೋಡಿದರಂತೆ.

ಆ ಮೀನು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಮಾತ್ರ ನಾನು ಮಣ್ಣು ಮುಕ್ಕಬೇಕು. ಮುಕ್ಕುತ್ತೇನೆ. ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ.

ಮೇ ತಿಂಗಳ ಆ ಸಭೆ ನಿನಗೆ ನೆನಪಿದೆ. ನನಗಂತೂ ಒಂದು ದಿನವೂ ಮರೆತಿಲ್ಲ. ರಸ್ತೆಯವರಿಗೆ ಜಲ್ಲಿ ಬೇಕಿತ್ತು. ಅಮ್ಮನ ತೊರೆಯ ಬುಡದಲ್ಲಿ ಒಳ್ಳೆಯ ಜಲ್ಲಿ ಇತ್ತು. ತೊರೆಯನ್ನು ಒಂದು ಕೊಳವೆಯೊಳಗೆ ತೂರಿಸಿ ಮೇಲೆ ರಸ್ತೆ ಹಾಕುತ್ತೇವೆ, ದೊಡ್ಡ ವಿಮಾನ ಇಳಿಯುವ ಪಕ್ಕದೂರಿನ ಬಯಲಿಗೆ ಅರ್ಧ ಗಂಟೆಯಲ್ಲಿ ಹೋಗಬಹುದು ಎಂದರು. ಹೋದ ಚಳಿಗಾಲ ನಿನ್ನ ಭಾವ ಹೊಟ್ಟೆ ಹಿಡಿದುಕೊಂಡು ಎರಡು ದಿನ ಹೊರಳಾಡಿದಾಗ ಮಂಜಿನಲ್ಲಿ ಇಲ್ಲಿಗೆ ವಿಮಾನ ಇಳಿಯಲಿಲ್ಲ. ಆ ಎರಡು ದಿನ ನಾನು ಹೇಗಿದ್ದೆ ಎಂಬುದನ್ನು ನೀನು ನೋಡಿದ್ದೀಯ. ರಸ್ತೆ ಎಂದರೆ ನನಗೆ ಅದೇ ಕಣ್ಣೆದುರು ಬರುತ್ತಿತ್ತು. ಅದಕ್ಕಿಂತ ಹಿಂದಿನ ಜುಲೈನಲ್ಲಿ ರಸ್ತೆಯವರನ್ನು ನಾನೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಆ ತೊರೆ ತೋರಿಸಿದ್ದೆ. ಮೊಣಕಾಲುದ್ದ ನೀರು, ಒಂದು ಬಾಲವೂ ಅಲುಗಲಿಲ್ಲ. ಅವರು ಕೊಟ್ಟ ಕಾಗದದಲ್ಲಿ ‘ಈ ತೊರೆಯಲ್ಲಿ ಮೀನಿಲ್ಲ’ ಎಂದು ನಾನೇ ನನ್ನ ಕೈಯಾರೆ ಬರೆದೆ.

ನೀನು ಎದ್ದು ನಿಂತು ಎಲ್ಲರ ಮುಂದೆ ಕೇಳಿದೆ: “ಅಕ್ಕಾ, ಜುಲೈನಲ್ಲಿ ಹೋಗಿ ನೋಡಿದ್ರೆ ಅಲ್ಲಿ ಮೀನು ಎಲ್ಲಿರುತ್ತೆ? ಭೂರ್ಜ ಮರದ ಎಲೆ ಹಳದಿ ಆದ್ಮೇಲೆ ತಾನೆ ಅಮ್ಮ ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದಿದ್ದು?”

ನಾನು ಹೇಳಿದ ಮಾತೂ ನಿನಗೆ ನೆನಪಿರಬೇಕು. “ನಾಯಿಗೆ ಹಾಕೋ ಆ ಒಣಕಲು ನಾಯಿಮೀನಿಗೋಸ್ಕರ ಊರಿಗೆ ರಸ್ತೆ ಬೇಡ ಅಂತೀಯೇನೇ? ಜುಲೈನಲ್ಲಿ ದೊಡ್ಡ ಹೊಳೇಲಿ ಒಂದು ವಾರ ಬಲೆ ಬಿಟ್ರೆ ವರ್ಷದ ಮೀನು ಬರುತ್ತೆ. ಅಮ್ಮನ ಕಾಲದಲ್ಲಿ ದೋಣಿಗೆ ಎಂಜಿನ್ ಇರ್ಲಿಲ್ಲ, ಅದಕ್ಕೆ ಹೋಗ್ತಿದ್ಲು.”

ಎಲ್ಲರೂ ನಕ್ಕರು. ನೀನು ನಗಲಿಲ್ಲ. “ದೊಡ್ಡ ಹೊಳೆ ಒಂದು ವರ್ಷ ಬಾಗಿಲು ಹಾಕ್ಕೊಂಡ್ರೆ ಯಾರ ಮನೆ ಬಾಗಿಲು ತಟ್ತೀಯಕ್ಕಾ?” ಎಂದು ಕೇಳಿ ಹೊರಟುಹೋದೆ. ನಾನು ‘ಮೀನಿಲ್ಲ’ ಎಂದು ಬರೆದಿದ್ದ ಆ ಕಾಗದಕ್ಕೇ ಊರಿನ ಒಪ್ಪಿಗೆ ಎಂದು ಸಹಿ ಹಾಕಿದೆ. ಮೂರನೆಯ ದಿನ ಮಗ ಗಸ್ಟಿಯನ್ನು ಕರೆದುಕೊಂಡು ಡಿಲ್ಲಿಂಗ್‌ಹ್ಯಾಮಿನ ವಿಮಾನ ಹತ್ತಿದೆ. ಮೀನು ಕುಯ್ಯುವ ನಿನ್ನ ಉಲುವಾಕ್ ಕತ್ತಿಯನ್ನೂ ಹೊಗೆಮನೆಯ ಗೂಟದಿಂದ ತೆಗೆದುಕೊಂಡು ಹೋಗಿದ್ದೆ. ಆ ಖಾಲಿ ಗೂಟ ನೋಡಿದಾಗಲೇ ನೀನು ಸುಮ್ಮನೆ ಸಿಟ್ಟು ಮಾಡಿಕೊಂಡು ಹೋದವಳಲ್ಲ ಎಂದು ನನಗೆ ಅರ್ಥವಾದದ್ದು.

ಜುಲೈ ಬಂತು. ಪ್ರತಿ ವರ್ಷದ ಹಾಗೆ ಬಲೆ ಬಿಟ್ಟೆವು. ಮೊದಲ ದಿನ ಆರು ಮೀನು. ಎರಡನೆಯ ದಿನ ನಾಲ್ಕು. ಬಲೆ ತೂತಾಗಿದೆಯೇನೋ ಎಂದು ನಿನ್ನ ಭಾವ ಅದನ್ನು ದಡಕ್ಕೆಳೆದು ಕಣ್ಣು ಕಣ್ಣನ್ನೂ ತಡವಿ ನೋಡಿದರು. ಬಲೆ ಸರಿಯಾಗಿಯೇ ಇತ್ತು. ಹೊಳೆಯ ದಂಡೆಯ ಗೋಪುರದಲ್ಲಿ ನಿಂತು ಮೀನು ಎಣಿಸುವವರನ್ನು ಕೇಳಿದರೆ ಅವರೂ ಮುಖ ಸಣ್ಣದು ಮಾಡಿಕೊಂಡರು. ನೀರು ಬೆಚ್ಚಗಿತ್ತು, ಒಕಲೀನಾ. ಕೈಯಿಟ್ಟರೆ ಜುಮ್ಮೆನ್ನಬೇಕಾದ ಹೊಳೆಯ ನೀರಿನಲ್ಲಿ ಪಾತ್ರೆ ತೊಳೆಯಬಹುದಿತ್ತು. ಮೂರು ವಾರ ಕಾದೆವು. ಗಳುಗಳ ಮೇಲೆ ಇಪ್ಪತ್ತು ಮೂವತ್ತು ಮೀನು ನೇತಾಡುತ್ತಿದ್ದವು. ಅಷ್ಟಕ್ಕೆ ಹೊಗೆ ಹಾಕಲು ನಾಚಿಕೆಯಾಯಿತು.

ನಿಮ್ಮ ಕಡೆಯ ಹೊಳೆ ಮಾತ್ರ ತುಂಬಿ ಬಂತಂತೆ. ನೀನು ಕೆಲಸ ಮಾಡುವ ಮೀನಿನ ಕಾರ್ಖಾನೆಯಲ್ಲಿ ಊಟಕ್ಕೂ ಬಿಡುವಿಲ್ಲ ಎಂದು ಅಂಚೆ ತರುವ ಪೈಲಟ್ ಹೇಳಿದ. ಅದೇ ಸಮುದ್ರ, ಅದೇ ಕೊಲ್ಲಿ, ಅದೇ ಬೇಸಿಗೆ. ನಿಮ್ಮಲ್ಲಿ ಹಬ್ಬ, ನಮ್ಮಲ್ಲಿ ಉಪವಾಸ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅದನ್ನೇ ಮಾವ್ರಾ ಅಜ್ಜಿಯ ಮುಂದೆ ತೋಡಿಕೊಂಡೆ. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಒಣಮೀನು ಚೀಪುತ್ತಾ ಕೂತಿದ್ದಳು.

“ಎಲ್ಲಾ ಮೀನೂ ಒಂದೇ ಅಂದ್ಕೊಂಡಿದೀಯಾ, ಹುಚ್ಚಿ?” ಎಂದಳು. “ಒಂದೊಂದು ತೊರೆಯದ್ದು ಒಂದೊಂದು ಮನೆತನ. ಹುಟ್ಟಿದ ಮನೆಗೇ ವಾಪಸ್ ಬರೋದು. ಒಬ್ಬರ ಮಕ್ಳು ಸರೋವರದಲ್ಲಿ ಒಂದು ಚಳಿಗಾಲ ಇದ್ದು ಸಮುದ್ರಕ್ಕೆ ಹೋಗ್ತವೆ, ಇನ್ನೊಬ್ರದ್ದು ಎರಡು ಚಳಿಗಾಲ. ಒಬ್ರು ಬೇಗ ಬರ್ತಾರೆ, ಒಬ್ರು ನಿಧಾನಕ್ಕೆ ಬರ್ತಾರೆ. ಊರಿಗೆ ಜ್ವರ ಬಂದ್ರೆ ಎಲ್ಲರ ಮನೇಲೂ ಒಂದೇ ದಿನ ಹಾಸಿಗೆ ಹಿಡೀತಾರಾ? ಒಂದು ಮನೆಯೋರು ಮಲಗಿದ್ರೆ ಇನ್ನೊಂದು ಮನೆಯೋರು ಗಂಜಿ ಕಾಯಿಸ್ಕೊಂಡು ಬರ್ತಾರೆ.”

“ಹಾಗಾದ್ರೆ ನಮಗೆ ಗಂಜಿ ಕಾಯಿಸೋರು ಯಾರಜ್ಜಿ?” ಎಂದು ಕೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಕರಡಿ ಒಂದೇ ತೊರೇಲಿ ಕೂತು ವರ್ಷದ ಊಟ ಮುಗಿಸೋದು ಯಾವತ್ತಾದ್ರೂ ನೋಡಿದೀಯಾ? ಈ ತೊರೇಲಿ ಮುಗೀತು ಅಂದ್ರೆ ಮುಂದಿನ ತೊರೆ, ಅಲ್ಲಿ ಮುಗಿದ್ರೆ ಅದರಾಚೆದು. ನಿಮ್ಮಮ್ಮನೂ ಹಾಗೇ ಇದ್ಲು. ನೀವು ಎಂಜಿನ್ ಬಂದ್ಮೇಲೆ ಒಂದೇ ಬಾಗಿಲಲ್ಲಿ ಬಟ್ಟಲು ಹಿಡ್ಕೊಂಡು ನಿಂತ್ರಿ.”

ನೀನು ಹೇಳಿದ್ದನ್ನೇ ಅಜ್ಜಿಯೂ ಹೇಳಿದಳು, ಬಾಗಿಲಿನ ಸಮೇತ. ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಿರೋ ಏನೋ! ಆದರೂ ನಾನು ಹೋಗಲಿಲ್ಲ. ಯಾಕೆ ಎಂದು ಕೇಳಬೇಡ. ಅಲ್ಲಿ ಮೀನಿದ್ದರೆ ನಾನು ಸುಳ್ಳಿ ಎಂದಾಗುತ್ತಿತ್ತು, ಇಲ್ಲದಿದ್ದರೆ ಚಳಿಗಾಲಕ್ಕೆ ಗತಿಯಿಲ್ಲ ಎಂದಾಗುತ್ತಿತ್ತು. ಎರಡನ್ನೂ ನೋಡುವ ಧೈರ್ಯ ನನಗಿರಲಿಲ್ಲ. ಆಗಸ್ಟ್ ಪೂರ್ತಿ ಹಣ್ಣು ಕೀಳುತ್ತಾ ಕಳೆದೆ. ಅಷ್ಟು ಹಣ್ಣು ನಾನು ಜನ್ಮದಲ್ಲಿ ಕಿತ್ತಿಲ್ಲ.

ಸೆಪ್ಟೆಂಬರ್ ಮೊದಲ ವಾರ ಅಂಗಳದ ಭೂರ್ಜದಲ್ಲಿ ಒಂದು ರೆಂಬೆ ಹಳದಿಯಾಯಿತು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ನಿನ್ನ ಭಾವ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು: “ದೋಣಿಗೆ ಎಣ್ಣೆ ತುಂಬಿಸಿದೀನಿ. ಎಲ್ಲಿಗೆ ಅಂತ ನಾನು ಹೇಳಲ್ಲ, ನೀನೂ ಕೇಳ್ಬೇಡ. ಸುಮ್ನೆ ಬಂದು ಕೂತ್ಕೋ ಮಾರಾಯ್ತಿ.”

ಸುಮ್ಮನೆ ಹೋಗಿ ಕೂತೆ.

ತೊರೆ ಸರೋವರ ಸೇರುವ ಮೂಲೆ ಇನ್ನೂ ದೂರವಿರುವಾಗಲೇ ಹಕ್ಕಿಗಳ ಗಲಾಟೆ ಕೇಳಿಸಿತು. ದಡದ ಮರಳಿನಲ್ಲಿ ಕರಡಿ ಹೆಜ್ಜೆ, ಒಂದರ ಮೇಲೊಂದು. ನಿನ್ನ ಭಾವ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿದರು. ನಾನು ಅಂಚಿಗೆ ಬಾಗಿ ನೀರಿಗೆ ಇಣುಕಿದೆ. ಕೆಂಪು, ಒಕಲೀನಾ. ಕಣ್ಣು ಹಾಯುವಷ್ಟೂ ಕೆಂಪು. ಮೈ ಕೆಂಪು, ತಲೆ ಹಸಿರು, ಬಾಲ ಆಡಿಸಿಕೊಂಡು ಸಾಲಾಗಿ ನಿಂತಿದ್ದವು, ಸಮಯವಾಯಿತು, ಒಳಗೆ ಕರೆಯಿರಿ ಎನ್ನುವ ನೆಂಟರ ಹಾಗೆ. ಜುಲೈನಲ್ಲಿ ನಮ್ಮ ಬಲೆಗೆ ದಿನಕ್ಕೆ ಒಂದೆರಡು ಬೀಳುತ್ತಿದ್ದವಲ್ಲ, ಅವುಗಳ ಒಡಹುಟ್ಟಿದವೇ ಇರಬೇಕು. ನಮ್ಮ ಮೂಗಿನ ಕೆಳಗೇ ಒಂದೊಂದಾಗಿ ದಾಟಿಹೋಗಿ, ಸರೋವರದ ತಣ್ಣನೆಯ ಆಳದಲ್ಲಿ ಇಷ್ಟು ದಿನ ಕಾದು ಕೂತಿದ್ದವು. ತೊರೆಯ ನೀರಿಗೆ ಕೈ ಅದ್ದಿದೆ, ಮೊಣಕೈವರೆಗೆ ಮರಗಟ್ಟಿತು. ನೆಲದಡಿಯಿಂದ ಉಕ್ಕುವ ಆ ನೀರಿಗೆ ಹೊರಗೆ ಬೇಸಿಗೆ ಬಂದುಹೋದ ಸುದ್ದಿಯೇ ತಲುಪಿರಲಿಲ್ಲ.

ನಾನು ಅತ್ತುಬಿಟ್ಟೆ. ನಿನ್ನ ಭಾವ ಹುಟ್ಟು ಕೆಳಗಿಟ್ಟು, “ಅಳೋದಾದ್ರೆ ಆ ಕಡೆ ತಿರುಗಿ ಅಳು, ಕಣ್ಣೀರು ನೀರಿಗೆ ಬಿದ್ರೆ ಮೀನು ಉಪ್ಪಾಗುತ್ತೆ” ಎಂದರು. ಆ ಮನುಷ್ಯನಿಗೆ ಯಾವಾಗ ಏನು ಹೇಳಬೇಕು ಎಂಬುದು ಮೂವತ್ತು ವರ್ಷವಾದರೂ ಗೊತ್ತಾಗಲಿಲ್ಲ. ಅಥವಾ ಚೆನ್ನಾಗಿಯೇ ಗೊತ್ತಿದೆ.

ಮೇಲಿನ ಗುಂಡಿಗಳಲ್ಲಿ ಮೊಟ್ಟೆ ಇಡುತ್ತಿದ್ದವುಗಳ ತಂಟೆಗೆ ಹೋಗಲಿಲ್ಲ. ಅಮ್ಮ ಹಾಕಿದ್ದ ಗೆರೆ ಅದು. ಬಾಗಿದ ವಿಲ್ಲೋ ಮರ ಇದೆಯಲ್ಲ, ಅದರಿಂದ ಮೇಲಕ್ಕೆ ಬಲೆ ಒಯ್ಯಬಾರದು. ಮರ ಹೋಗಿದೆ, ಬುಡ ಇದೆ. ಬುಡದಿಂದ ಕೆಳಗೆ, ತೊರೆಯ ಬಾಯಿಯ ಹತ್ತಿರ ಮಾತ್ರ ಬಲೆ ಬಿಟ್ಟೆವು.

ದಡದಲ್ಲೇ ಹಲಗೆ ಹಾಕಿಕೊಂಡು ಕುಯ್ಯಲು ಕೂತೆ. ಇಲ್ಲಿ ಒಂದು ವಿಷಯ ನಡೆಯಿತು, ಅದನ್ನು ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಜುಲೈ ಮೀನಿಗೆ ಬೆನ್ನು ದಪ್ಪ, ಕತ್ತಿಯನ್ನು ಒತ್ತಿ ಎರಡು ಸಲ ಎಳೆಯಬೇಕು. ಅಭ್ಯಾಸದಂತೆ ಹಾಗೇ ಒತ್ತಿದೆ, ಚರ್ಮ ಹರಿದುಹೋಯಿತು. ಈ ತೊರೆಯದ್ದು ತೆಳ್ಳಗಿನ ಮೈ. ನೀರು ಮೊಣಕಾಲುದ್ದ ಇರುವ ಕಡೆ ಬೆನ್ನು ಎತ್ತರವಿದ್ದರೆ ಬೆನ್ನು ಮೇಲೆ ಕಾಣುತ್ತದೆ, ಕಂಡದ್ದನ್ನು ಕರಡಿ ಬಿಡುವುದಿಲ್ಲ; ತೆಳ್ಳಗಿದ್ದದ್ದು ಉಳಿದು ಬೆಳೆಯಿತು. ಮೂರನೆಯ ಮೀನಿಗೆ ನನ್ನ ಕೈ ತಾನಾಗಿಯೇ ಹಗುರಾಯಿತು. ಕಿವಿರಿನ ಹಿಂದೆ ಶುರುಮಾಡಿ, ಕತ್ತಿಯನ್ನು ಮಲಗಿಸಿ, ಒಂದೇ ಎಳೆತ. ಇಪ್ಪತ್ತೆರಡು ವರ್ಷದಿಂದ ಹಾಗೆ ಕುಯ್ದಿರಲಿಲ್ಲ. ಯಾರು ಕುಯ್ಯುತ್ತಿದ್ದಾರೆ ಎಂದು ಒಂದು ಕ್ಷಣ ನಾನೇ ನನ್ನ ಕೈಯನ್ನು ನೋಡಿದೆ. ಅಮ್ಮನ ಕೈಯಾಗಿತ್ತು ಅದು. ಆ ಬೆರಳಿನ ಗಂಟು ಸಹ. ಅಮ್ಮ ನನಗೆ ಕಲಿಸಿದ್ದು ನನ್ನ ಕೈಯಲ್ಲಿತ್ತು, ತಲೆ ಮಾತ್ರ ಸಭೆಯಲ್ಲಿ ಕೂತು ‘ಮೀನಿಲ್ಲ’ ಎಂದು ಬರೆಯುತ್ತಿತ್ತು.

ನಾಯಿಮೀನು ಎಂದಿದ್ದೆನಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ಕೊಬ್ಬಿಲ್ಲ, ನಿಜ. ಕೊಬ್ಬಿಲ್ಲದ್ದಕ್ಕೇ ಮೂರೇ ದಿನದಲ್ಲಿ ಗಾಳಿಗೆ ಒಣಗಿತು, ಮುಗ್ಗಲು ವಾಸನೆ ಇಲ್ಲ, ನೊಣದ ಕಾಟ ಇಲ್ಲ. ಅಮ್ಮ ಹೇಳುತ್ತಿದ್ದುದು ಈಗ ನೆನಪಾಗುತ್ತಿದೆ: “ಜುಲೈ ಮೀನು ನಾಲಿಗೆಗೆ, ಹಳದಿ ಎಲೆಯ ಮೀನು ಮಾರ್ಚ್ ತಿಂಗಳಿಗೆ.” ಚಿಕ್ಕವರಿದ್ದಾಗ ಅದನ್ನು ಕೇಳಿ ನಾವಿಬ್ಬರೂ ಮುಖ ಕಿವುಚುತ್ತಿದ್ದೆವು, ನೀನೂ ಕಿವುಚುತ್ತಿದ್ದೆ. ಈಗ ದೊಡ್ಡ ಬುದ್ಧಿವಂತೆಯ ಹಾಗೆ ಆಡಬೇಡ.

ಮರುದಿನ ಊರಿಗೆ ಬಂದು ಹನ್ನೊಂದು ಮನೆಗೂ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ನಾನೇ ‘ಮೀನಿಲ್ಲ’ ಎಂದು ಬರೆದ ತೊರೆಗೆ ನಾನೇ ಎಲ್ಲರನ್ನೂ ದೋಣಿ ತನ್ನಿ ಎಂದು ಕರೆಯಬೇಕಾಯಿತು. ಒಬ್ಬರೂ ಆಡಿಕೊಳ್ಳಲಿಲ್ಲ, ಹಸಿವಿನ ಭಯ ಹೋದವರಿಗೆ ಬಹಳ ಬೇಗ ಒಳ್ಳೆಯ ಬುದ್ಧಿ ಬರುತ್ತದೆ. ಮಾವ್ರಾ ಅಜ್ಜಿ ಮಾತ್ರ ದೋಣಿಯಲ್ಲಿ ಕಂಬಳಿ ಹೊದ್ದು ಕೂತು, ದಾರಿಯುದ್ದಕ್ಕೂ, “ಅಧ್ಯಕ್ಷರೇ, ಮೀನಿಲ್ಲದ ತೊರೆ ಇನ್ನೂ ಎಷ್ಟು ದೂರ?” ಎಂದು ಕೇಳುತ್ತಿದ್ದಳು. ಎಂಟು ದಿನ ಎಲ್ಲರೂ ಅಲ್ಲೇ ಡೇರೆ ಹಾಕಿದೆವು. ಅಮ್ಮ ಒಲೆ ಹೂಡುತ್ತಿದ್ದ ಮೂರು ಕಲ್ಲುಗಳು ಹಾಗೇ ಇವೆ. ಅವುಗಳ ಮೇಲೆ ಮೀನಿನ ತಲೆಯ ಸಾರು ಕಾಯಿಸಿ ಎಲ್ಲರಿಗೂ ಬಡಿಸಿದೆ. ನಿನ್ನ ಪಾಲಿನ ಮೀನನ್ನು ಬೇರೆಯೇ ಗಳುವಿನಲ್ಲಿ ಹಾಕಿದ್ದೇನೆ, ಹೊಗೆಮನೆಯ ಬಲಗಡೆ, ನೀನು ಯಾವಾಗಲೂ ಹಾಕುತ್ತಿದ್ದ ಕಡೆ. ಅದನ್ನು ಇಳಿಸಲು ನನಗೆ ಮನಸ್ಸಿಲ್ಲ, ಇಳಿಸಬೇಕಾದವಳು ನೀನು.

ಇನ್ನು ರಸ್ತೆಯ ಮಾತು. ನನಗೆ ರಸ್ತೆ ಈಗಲೂ ಬೇಕು, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಭಾವನ ಹೊಟ್ಟೆಯನ್ನು ನಾನು ಮರೆತಿಲ್ಲ. ಗುಡ್ಡದ ಆಚೆಯೂ ಜಲ್ಲಿ ಇದೆ, ಸುತ್ತುದಾರಿ, ಇನ್ನೊಂದು ಬೇಸಿಗೆಯ ಕೆಲಸ ಹೆಚ್ಚು. ಅದನ್ನೇ ಕೇಳೋಣ ಎಂದು ಯೋಚಿಸಿದ್ದೇನೆ. ಅಕ್ಟೋಬರ್ ಹತ್ತಕ್ಕೆ ಸಭೆ ಇದೆ. ಆ ದಿನ ನೀನು ಎದ್ದು ನಿಂತು ಮಾತಾಡಬೇಕು. ನಾನು ಮಾತಾಡಿದರೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಗುತ್ತಾರೆ.

ಮೇ ತಿಂಗಳಲ್ಲಿ ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಎಲ್ಲರ ಮುಂದೆ ನಿನ್ನನ್ನು ನಗೆಪಾಟಲು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ನೋಡು, ಬರೆದುಬಿಟ್ಟೆ. ಬರೆದ ಮೇಲೆ ಅಷ್ಟೇನೂ ನೋವಾಗುತ್ತಿಲ್ಲ. ಬೇಗ ಬರುವ ಮೀನು ನಾನು, ತಡವಾಗಿ ಬರುವುದು ನೀನು. ಅಮ್ಮನಿಗೆ ಇಬ್ಬರೂ ಬೇಕಾಗಿದ್ದೆವು. ಕಾರ್ಖಾನೆಯ ಕೆಲಸ ಈ ತಿಂಗಳಿಗೆ ಮುಗಿಯುತ್ತದೆಯಂತೆ. ಗಸ್ಟಿಗೆ ಹೇಳು, ಹಬೆಮನೆಗೆ ಸೌದೆ ಒಡೆಯಲು ನಿನ್ನ ಭಾವನಿಗೆ ಜೊತೆ ಬೇಕಾಗಿದೆ. ನಿನಗೆ ಹೇಳುವುದು ಒಂದೇ: ಗೂಟ ಖಾಲಿ ಇದೆ, ಕತ್ತಿ ತೆಗೆದುಕೊಂಡು ಬಾ.

ನಿನ್ನ ದಾರಿ ಕಾಯುವ ಅಕ್ಕ,
ಅನೀಸಿಯಾ

ಮರೆತದ್ದು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ನಾನು ಸಹಿ ಹಾಕಿದ ಆ ಒಪ್ಪಿಗೆ ಕಾಗದ ಮೇ ತಿಂಗಳಲ್ಲೇ ರಸ್ತೆಯವರಿಗೆ ಹೋಯಿತು, ವಸಂತಕ್ಕೆ ಯಂತ್ರಗಳು ಬಂದೇ ಬರುತ್ತವೆ ಎಂದು ನೀನು ಇಷ್ಟು ದಿನ ನಂಬಿದ್ದೀಯ. ಊರೂ ಹಾಗೇ ನಂಬಿತ್ತು, ನಾನೇ ನಂಬಿಸಿದ್ದೆ. ಅದು ಹೋಗಲೇ ಇಲ್ಲ, ಒಕಲೀನಾ. ನೀನು ಹತ್ತಿದ ವಿಮಾನದಲ್ಲೇ ಅದೂ ಹೋಗಬೇಕಿತ್ತು. ಲಕೋಟೆ ಹಿಡಿದುಕೊಂಡು ನಮ್ಮೂರಿನ ವಿಮಾನದ ಬಯಲಿನವರೆಗೆ ಬಂದಿದ್ದೆ. ನೀನು ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದೆ. ನಿನ್ನನ್ನೂ ಅಮ್ಮನ ತೊರೆಯನ್ನೂ ಒಂದೇ ವಿಮಾನಕ್ಕೆ ಹತ್ತಿಸಲು ನನ್ನಿಂದ ಆಗಲಿಲ್ಲ. ಮುಂದಿನ ಅಂಚೆಗೆ ಕೊಡೋಣ ಎಂದು ಹಿಟ್ಟಿನ ಡಬ್ಬಿಯ ಕೆಳಗಿಟ್ಟೆ, ಅದರ ಮುಂದಿನದಕ್ಕೆ ಎಂದು ಅಲ್ಲೇ ಬಿಟ್ಟೆ. ನಿನ್ನೆ ಹಬೆಮನೆಯಲ್ಲಿ ಸಭೆಯವರಿಗೆಲ್ಲ ನಿಜ ಹೇಳಿದೆ. ಮಾವ್ರಾ ಅಜ್ಜಿ ಕಾದ ಕಲ್ಲಿನ ಮೇಲೆ ಇನ್ನೊಂದು ಚೊಂಬು ನೀರು ಹಾಕಿದಳು. ಕಾಗದವನ್ನು ಒಲೆಗೆ ಹಾಕಿದ್ದೇನೆ. ಲಕೋಟೆ ಚೆನ್ನಾಗಿತ್ತು, ಬಿಚ್ಚಿ ಒಳಮಗ್ಗುಲು ತಿರುಗಿಸಿ ಅಂಟಿಸಿ ಈ ಪತ್ರ ಅದರಲ್ಲೇ ಕಳಿಸುತ್ತಿದ್ದೇನೆ. ಅಂಟು ವಕ್ರವಾಗಿದ್ದರೆ ಬೈಯಬೇಡ. ನಂಬಿಕೆ ಬಾರದಿದ್ದರೆ ಬಿಡಿಸಿ ನೋಡು, ರಸ್ತೆಯವರ ವಿಳಾಸ ಒಳಗಿದೆ. ಪಕ್ಕದಲ್ಲಿ ಅಂಚೆಚೀಟಿ ಇದೆ, ಅದರ ಮೇಲೆ ಮುದ್ರೆ ಬಿದ್ದಿಲ್ಲ. ಅದನ್ನು ಉಗಿಯಲ್ಲಿ ಹಿಡಿದು ಬಿಡಿಸಿಕೊಂಡು ನನಗೆ ಉತ್ತರ ಬರೆ.